ಕ್ಯಾಸೆಟ್ಟಿನಿಂದ ಓಪಸ್ಸಿಗೆ: ಒಂಬತ್ತು ಸಾಲಿನ ಚೀಟಿಗೆ ವ್ಯಾಖ್ಯಾನ

ಮಂಗಳೂರಿನ ಉರ್ವಸ್ಟೋರ್, ಅಶೋಕನಗರ, ಮಾರಿಗುಡಿಯ ಆಸುಪಾಸಿನ ಹಳೆಯ ಮನೆಗಳಲ್ಲಿ ಕಪಾಟಿನ ತಲೆಯ ಮೇಲೋ ಮಂಚದ ಅಡಿಯಲ್ಲೋ ಒಂದು ಕ್ಯಾಸೆಟ್ ಪೆಟ್ಟಿಗೆ ಇನ್ನೂ ಉಳಿದಿರುವುದುಂಟು. ದುಡ್ಡು ಕೊಟ್ಟು ತಂದ ತಾಳಮದ್ದಳೆಯ ಕ್ಯಾಸೆಟ್ಟುಗಳು ಅದರಲ್ಲಿರುತ್ತವೆ. ಅವುಗಳ ಒಟ್ಟಿಗೆ, ಎಲ್ಲಿಯೂ ಮಾರಾಟವಾಗದವೂ ಇರುತ್ತವೆ: ಗದ್ದೆಯ ಬದಿಯ ಯಕ್ಷಗಾನದ ಆಟದಲ್ಲಿ ರಂಗಸ್ಥಳದ ಎದುರು ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಭಾಗವತಿಕೆ, ಅಜ್ಜಿ ಹೇಳಿದ ಪಾಡ್ದನ ಎಂಬ ತುಳು ಕಥನಗೀತೆ, 1976ರ ಡಿಸೆಂಬರಿನಲ್ಲಿ ಶುರುವಾದ ಮಂಗಳೂರು ಆಕಾಶವಾಣಿಯಿಂದ ಮನೆಯವರು ತುಂಬಿಸಿಕೊಂಡ ಕಾರ್ಯಕ್ರಮ, ಗಲ್ಫಿಗೆ ಹೋದ ಮಗ ಕಾಗದದ ಬದಲು ಮಾತನ್ನೇ ತುಂಬಿ ಕಳಿಸಿದ ಟೇಪು. ಅಂಗಡಿಯ ಕ್ಯಾಸೆಟ್ಟಿಗೆ ಜಗತ್ತಿನಲ್ಲಿ ಇನ್ನೊಂದು ಪ್ರತಿ ಇದ್ದೀತು. ಈ ಎರಡನೆಯ ಗುಂಪಿಗೆ ಇಲ್ಲ.

ಇವನ್ನು ಕಂಪ್ಯೂಟರಿಗೆ ಇಳಿಸುವಾಗ ಆ ಮನೆಯ ಹುಡುಗನೋ ಹುಡುಗಿಯೋ ಪಕ್ಕದಲ್ಲಿ ಕೂತು ಕಲಿತುಕೊಳ್ಳಲಿ ಎಂಬುದು ನನ್ನ ಆಸೆ. ಅವರ ಕೈಗೆ ಕೊಡಲೆಂದು ಬರೆದ ಚೀಟಿ ಕೆಳಗಿದೆ. ಮನೆಯವರ ಧ್ವನಿಯನ್ನು ಮತ್ತೆ ಕೇಳಲು ಹೊರಗಿನ ಯಾರದೋ ಅನುಮತಿ ಬೇಕಾಗುವಂಥ ಕಡತದಲ್ಲಿ ಅದನ್ನು ಇಡಬಾರದು ಎಂಬುದೊಂದೇ ಇದರ ಹಿಂದಿನ ನಂಬಿಕೆ. ಆಜ್ಞೆಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಯಂತ್ರಕ್ಕೆ ಕೊಡುವಾಗ ರೋಮನ್ ಅಕ್ಷರಗಳನ್ನೇ ಒತ್ತಬೇಕು.

ಮೂಲ

1. ಕ್ಯಾಸೆಟ್ಟಿನ ಬೆನ್ನಿನ ಎರಡೂ ತುಂಡು ಮುರಿದ ಮೇಲೆಯೇ ಟೇಪ್ ರೆಕಾರ್ಡರಿಗೆ ಹಾಕಿ.
2. ನಲವತ್ತೆಂಟು ಸಾವಿರ, ಇಪ್ಪತ್ತನಾಲ್ಕು ಬಿಟ್. ಚೆಂಡೆಯ ಪೆಟ್ಟಿಗೂ ಕೆಂಪು ಮುಟ್ಟಬಾರದು.
3. ಮೂಲಪ್ರತಿಯಿಂದ ಕೆಮ್ಮನ್ನೂ ತೆಗೆಯಬೇಡಿ.
4. ಮೂಲಪ್ರತಿಗೆ: ಫ್ಲಾಕ್ -8 --ವೆರಿಫೈ ಹಾಡು.ವೇವ್
5. ಹಂಚುವ ಪ್ರತಿಗೆ: ಎಫ್‌ಎಫ್‌ಎಂಪೆಗ್ -ಐ ಹಾಡು.ಫ್ಲಾಕ್ -ಸಿ:ಎ ಲಿಬ್‌ಓಪಸ್ -ಬಿ:ಎ 48ಕೆ -ಎಸಿ 1 ಹಾಡು.ಓಪಸ್
6. ಎಂಪಿ3 ಮಾತ್ರ ಉಳಿದಿದ್ದರೆ ಅದನ್ನು ಹಾಗೆಯೇ ಇಡಿ.
7. ಹೆಸರನ್ನು ಕಡತದ ಒಳಗೆ ಬರೆಯಿರಿ, ಕನ್ನಡದಲ್ಲಿ.
8. ಯಾರ ಧ್ವನಿಯೋ ಅವರನ್ನು ಕೇಳಿ.
9. ಮೂರು ಕಡೆ ಇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ.

ವ್ಯಾಖ್ಯಾನ

ಸಾಲು 1. ಕ್ಯಾಸೆಟ್ಟಿನ ಬೆನ್ನಿನ ಎರಡೂ ತುಂಡು ಮುರಿದ ಮೇಲೆಯೇ ಟೇಪ್ ರೆಕಾರ್ಡರಿಗೆ ಹಾಕಿ.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟಿನಲ್ಲಿ, ಟೇಪು ಕಾಣುವ ಬಾಯಿಗೆ ಎದುರಿನ ಅಂಚಿನಲ್ಲಿ, ಎರಡು ಮೂಲೆಗೆ ಎರಡು ಪ್ಲಾಸ್ಟಿಕ್ ತುಂಡುಗಳಿವೆ. ಒಂದೊಂದು ಬದಿಗೆ ಒಂದೊಂದು. ಅದನ್ನು ಮುರಿದರೆ ರೆಕಾರ್ಡ್ ಗುಂಡಿ ಕೆಳಗೆ ಹೋಗುವುದಿಲ್ಲ. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳಲ್ಲಿ ಇವನ್ನು ಯಾರೂ ಮುರಿದಿರುವುದಿಲ್ಲ, ಮುಂದೆ ಬೇರೇನಾದರೂ ತುಂಬಿಸಬಹುದು ಎಂದು ಹಾಗೇ ಬಿಟ್ಟಿರುತ್ತಾರೆ. ಮೊದಲೇ ಮುರಿದ ತೂತಿನ ಮೇಲೆ ಮತ್ತೆ ತುಂಬಿಸಲೆಂದು ಅಂಟುಪಟ್ಟಿ ಹಚ್ಚಿದ್ದು ಕಂಡರೆ ಅದನ್ನೂ ಕಿತ್ತುಹಾಕಿ. ತಪ್ಪಿ ಒಂದು ಗುಂಡಿ ಒತ್ತಿದರೆ ಅಜ್ಜಿಯ ಧ್ವನಿಯ ಮೇಲೆ ಫ್ಯಾನಿನ ಸದ್ದು ಕೂರುತ್ತದೆ, ಅದನ್ನು ಅಳಿಸಿ ಹಿಂದಿನದನ್ನು ತರುವ ವಿದ್ಯೆ ಯಾವುದೂ ಇಲ್ಲ.

ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿಯ ಪುಡಿ ಕಂಡರೆ ಅದು ಬೂಷ್ಟು. ಅದನ್ನು ತೆಗೆಯದೆ ಓಡಿಸಿದರೆ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ.

ಸಾಲು 2. ನಲವತ್ತೆಂಟು ಸಾವಿರ, ಇಪ್ಪತ್ತನಾಲ್ಕು ಬಿಟ್. ಚೆಂಡೆಯ ಪೆಟ್ಟಿಗೂ ಕೆಂಪು ಮುಟ್ಟಬಾರದು.

ಕಂಪ್ಯೂಟರು ಧ್ವನಿಯನ್ನು ಅಖಂಡವಾಗಿ ಹಿಡಿಯುವುದಿಲ್ಲ, ಅಳತೆ ತೆಗೆಯುತ್ತದೆ. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬುದು ಮೊದಲ ಸಂಖ್ಯೆ. ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಡುತ್ತದೆ ಎಂಬುದು ಎರಡನೆಯದು. ಸೆಕೆಂಡಿಗೆ 48,000 ಸಲ ಅಳೆದರೆ 24,000 ಹರ್ಟ್ಸ್‌ವರೆಗಿನ ಸ್ವರ ಹಿಡಿಯಬಹುದು. ಮನುಷ್ಯನ ಕಿವಿ 20,000ದ ಹತ್ತಿರ ನಿಲ್ಲುತ್ತದೆ, ಮನೆಯ ಕ್ಯಾಸೆಟ್ಟು ಅದಕ್ಕಿಂತ ಬಹಳ ಮೊದಲೇ ನಿಂತಿರುತ್ತದೆ. ಹಾಗಾದರೆ ಸಿ.ಡಿ.ಯ 44,100 ಸಾಲದೇ ಎಂದರೆ, ಕೇಳಲು ಸಾಕು. ಆದರೆ ಐದನೆಯ ಸಾಲಿನಲ್ಲಿ ಬರುವ ಓಪಸ್ ಒಳಗೆ ಕೆಲಸ ಮಾಡುವುದು 48,000ದ ಲೆಕ್ಕದಲ್ಲಿ. ಮೊದಲೇ ಆ ಲೆಕ್ಕದಲ್ಲಿ ಇಳಿಸಿಕೊಂಡರೆ ನಡುವೆ ಒಂದು ಪರಿವರ್ತನೆ ತಪ್ಪುತ್ತದೆ.

ಇಪ್ಪತ್ತನಾಲ್ಕು ಬಿಟ್ ಏಕೆ ಎಂದು ಕೇಳುವವರು ಹೆಚ್ಚು, ಆ ಪ್ರಶ್ನೆ ಸರಿಯಾದದ್ದೇ. ಹದಿನಾರು ಬಿಟ್ಟಿನಲ್ಲಿ 65,536 ಮೆಟ್ಟಿಲುಗಳಿವೆ. ಕ್ಯಾಸೆಟ್ಟಿನ ಹಿಸ್ ಸದ್ದಿನ ನಡುವೆ ಅಷ್ಟು ಮೆಟ್ಟಿಲೂ ಉಪಯೋಗಕ್ಕೆ ಬರುವುದಿಲ್ಲ. ಇಪ್ಪತ್ತನಾಲ್ಕರಲ್ಲಿ 1,67,77,216 ಮೆಟ್ಟಿಲು. ಇಷ್ಟೊಂದು ಬೇಕಾಗುವುದು ಇಳಿಸುವವರ ಧೈರ್ಯಕ್ಕೆ. ಯಕ್ಷಗಾನದ ಧ್ವನಿಮುದ್ರಣದಲ್ಲಿ ಭಾಗವತರ ಪದ ಒಂದು ಮಟ್ಟದಲ್ಲಿ ಸಾಗುತ್ತಿರುವಾಗ ಚೆಂಡೆಯ ಒಂದು ಪೆಟ್ಟು ಅದರ ಎಷ್ಟೋ ಪಟ್ಟು ಎತ್ತರಕ್ಕೆ ಹಾರುತ್ತದೆ. ಆ ಪೆಟ್ಟು ಮೇಲಿನ ಗೆರೆ ದಾಟಿದರೆ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ, ಪರದೆಯಲ್ಲಿ ಕೆಂಪು ಗೆರೆ ಮೂಡುತ್ತದೆ. ಕತ್ತರಿಸಿದ ತಲೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಕ್ಯಾಸೆಟ್ಟನ್ನು ಮುಂದೆ ಓಡಿಸಿ ಅತಿ ಜೋರಿನ ಭಾಗ ಹುಡುಕಿ, ಅಲ್ಲಿಯೂ ಗೆರೆಗಿಂತ ಹತ್ತು ಹನ್ನೆರಡು ಡೆಸಿಬೆಲ್ ಕೆಳಗೆ ಉಳಿಯುವಂತೆ ಮಟ್ಟ ಇಳಿಸಬೇಕು. ಇಪ್ಪತ್ತನಾಲ್ಕು ಬಿಟ್ ಇದ್ದರೆ ಹೀಗೆ ಇಳಿಸಿದ್ದರಿಂದ ಮೆಲುದನಿ ಏನೂ ಹಾಳಾಗುವುದಿಲ್ಲ.

ಚೀಟಿಯಲ್ಲಿ ಇಲ್ಲದ ಒಂದು ಕೆಲಸವನ್ನು ಇಲ್ಲೇ ಹೇಳಬೇಕು. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ತುಂಬಿಸಿದ ಯಂತ್ರದ ಹೆಡ್ಡು ಎಷ್ಟು ವಾಲಿತ್ತೋ, ಓದುವ ಯಂತ್ರದ ಹೆಡ್ಡೂ ಅಷ್ಟೇ ವಾಲಿರಬೇಕು. ಇಲ್ಲವಾದರೆ ಚಕ್ರತಾಳದ ಹೊಳಪು ಹೋಗಿ ಗೋಡೆಯ ಆಚೆಯಿಂದ ಕೇಳಿದಂತಾಗುತ್ತದೆ. ಪದ ಕೇಳುತ್ತಾ ಆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತಾಳದ ದನಿ ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಬೇಕು. ಕ್ಯಾಸೆಟ್ ಬದಲಾದಾಗ ಮತ್ತೆ ನೋಡಬೇಕು. ಮುಂದಿನ ಎಲ್ಲ ಸಾಲುಗಳಿಗಿಂತ ಹೆಚ್ಚಿನ ಲಾಭ ಈ ಒಂದು ಸ್ಕ್ರೂವಿನಲ್ಲಿದೆ. ಇಲ್ಲಿ ಕಳೆದುಹೋದದ್ದನ್ನು ಯಾವ ಕಡತದ ಬಗೆಯೂ ತಂದುಕೊಡುವುದಿಲ್ಲ.

ಸಾಲು 3. ಮೂಲಪ್ರತಿಯಿಂದ ಕೆಮ್ಮನ್ನೂ ತೆಗೆಯಬೇಡಿ.

ಅಡಾಸಿಟಿಯಂಥ ತಂತ್ರಾಂಶದಲ್ಲಿ ಹಿಸ್ ತೆಗೆಯುವ ಸೌಲಭ್ಯ ಇದೆ. ಎಳೆಯರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಹಂಚುವ ಪ್ರತಿಯಲ್ಲಿ ಬೇಕಾದರೆ ಮಾಡಿಕೊಳ್ಳಲಿ. ಮೂಲಪ್ರತಿ ಟೇಪಿನಲ್ಲಿದ್ದಂತೆಯೇ ಇರಬೇಕು. ಏಕೆ ಎಂಬುದಕ್ಕೆ ಒಂದು ಉದಾಹರಣೆ.

ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡರು. ಅದು 15,683 ಸಾಲುಗಳ ಕಾವ್ಯವಾಗಿ 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ತುಳುನಾಡಿನ ಬಾಯಿಮಾತಿನ ಸಾಹಿತ್ಯಕ್ಕೆ ಸಿಕ್ಕ ದೊಡ್ಡ ಗೌರವ ಅದು, ಓದಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಆದರೆ ಅಚ್ಚು ಉಳಿಸುವುದು ಮಾತನ್ನು. ಹೇಳುವವರು ಎಲ್ಲಿ ಉಸಿರು ತೆಗೆದುಕೊಂಡರು, ನೇಜಿ ನೆಡುವ ಸಾಲಿನಲ್ಲಿ ಒಬ್ಬಳು ಎತ್ತಿದ ಪದವನ್ನು ಉಳಿದವರು ಎಷ್ಟು ತಡೆದು ಹಿಡಿದುಕೊಂಡರು, ನಡುವೆ ಯಾರು ನಕ್ಕರು, ಮಳೆ ಎಷ್ಟು ಜೋರಾಗಿತ್ತು ಎಂಬುದೆಲ್ಲ ಟೇಪಿನಲ್ಲಿ ಮಾತ್ರ ಇರುತ್ತದೆ. ಇಂದು ನಮಗೆ ಗಲಾಟೆ ಎನಿಸಿದ್ದು ನಾಳೆ ಒಬ್ಬ ಸಂಶೋಧಕಿಗೆ ಅದೇ ವಿಷಯವಾದೀತು. ಹಿಸ್ ತೆಗೆಯುವ ತಂತ್ರಾಂಶ ಹಿಸ್ಸಿನ ಜೊತೆಗೆ ಉಸಿರನ್ನೂ ಒರೆಸುತ್ತದೆ, ಎರಡೂ ಅದಕ್ಕೆ ಒಂದೇ.

ಸಾಲು 4. ಮೂಲಪ್ರತಿಗೆ: ಫ್ಲಾಕ್ -8 --ವೆರಿಫೈ ಹಾಡು.ವೇವ್

ತೊಂಬತ್ತು ನಿಮಿಷದ ಕ್ಯಾಸೆಟ್ಟನ್ನು ಎರಡನೆಯ ಸಾಲಿನ ಅಳತೆಯಲ್ಲಿ, ಎರಡು ಚಾನೆಲ್ಲಿನಲ್ಲಿ ಇಳಿಸಿದರೆ ಕುಗ್ಗಿಸದ ವೇವ್ ಕಡತ ಸುಮಾರು 1.56 ಗಿಗಾಬೈಟ್ ಆಗುತ್ತದೆ. ಪೆಟ್ಟಿಗೆಯಲ್ಲಿ ನೂರು ಕ್ಯಾಸೆಟ್ ಇದ್ದರೆ ಲೆಕ್ಕ ಹಾಕಿಕೊಳ್ಳಿ. ಫ್ಲಾಕ್ ಇದನ್ನು ಕುಗ್ಗಿಸುತ್ತದೆ, ಆದರೆ ಒಂದು ಅಳತೆಯನ್ನೂ ಬಿಡುವುದಿಲ್ಲ. ಬಿಚ್ಚಿದಾಗ ಬಿಟ್ಟಿಗೆ ಬಿಟ್ ಅದೇ ವೇವ್ ಮರಳಿ ಬರುತ್ತದೆ. ಅದರ ಉಪಾಯ ಸರಳ. ಹಿಂದಿನ ಕೆಲವು ಅಳತೆಗಳನ್ನು ನೋಡಿ ಮುಂದಿನದು ಇಷ್ಟಿರಬಹುದು ಎಂದು ಊಹಿಸುತ್ತದೆ, ಊಹೆ ಎಷ್ಟು ತಪ್ಪಿತೋ ಅಷ್ಟನ್ನು ಮಾತ್ರ ಬರೆದಿಡುತ್ತದೆ. ಶ್ರುತಿಪೆಟ್ಟಿಗೆಯ ನಾದ ಊಹೆಗೆ ಸುಲಭ, ಹಿಸ್ ಊಹೆಗೆ ಸಿಗುವುದೇ ಇಲ್ಲ. ಆದ್ದರಿಂದ ಹಿಸ್ ಹೆಚ್ಚಿದ್ದ ಕ್ಯಾಸೆಟ್ಟು ಕಡಿಮೆ ಕುಗ್ಗುತ್ತದೆ.

"-8" ಎಂದರೆ ಹೆಚ್ಚು ಶ್ರಮಪಟ್ಟು ಕುಗ್ಗಿಸು ಎಂದರ್ಥ. ಸೊನ್ನೆಯಿಂದ ಎಂಟರವರೆಗೆ ಯಾವುದನ್ನು ಕೊಟ್ಟರೂ ಧ್ವನಿ ಒಂದೇ, ಬದಲಾಗುವುದು ಕಂಪ್ಯೂಟರು ತೆಗೆದುಕೊಳ್ಳುವ ಸಮಯ ಮತ್ತು ಕಡತದ ಗಾತ್ರ. "--ವೆರಿಫೈ" ಎಂದರೆ ಕುಗ್ಗಿಸುತ್ತಿರುವಾಗಲೇ ಬಿಚ್ಚಿ ನೋಡಿ ಮೂಲದ ಜೊತೆ ತಾಳೆ ಹಾಕು ಎಂದು. ವೇವ್ ಅಳಿಸುವ ಮೊದಲು ಈ ತಾಳೆ ಆಗಿರಲೇಬೇಕು.

ಜಾಶ್ ಕೋಲ್ಸನ್ ಎಂಬವರು ಬರೆದ ಫ್ಲಾಕಿನ ಮೊದಲ ಪೂರ್ಣ ಆವೃತ್ತಿ 2001ರ ಜುಲೈಯಲ್ಲಿ ಬಂತು. 2003ರಲ್ಲಿ ಅದು, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಬಗೆಗಳನ್ನು ಬೆಳೆಸುವ ಕ್ಸಿಫ್ ಪ್ರತಿಷ್ಠಾನದ ಆಶ್ರಯಕ್ಕೆ ಸೇರಿತು. 2024ರ ಡಿಸೆಂಬರಿನಲ್ಲಿ ಅದರ ಸಂಪೂರ್ಣ ವಿವರಣೆ ಅಂತರಜಾಲದ ಮಾನಕ ದಾಖಲೆಗಳ ಸಾಲಿನಲ್ಲಿ 9639ನೆಯದಾಗಿ ಪ್ರಕಟವಾಯಿತು. ಯಾರೂ ದುಡ್ಡು ಕೊಡದೆ ಓದಬಹುದು. ನಾನು ಫ್ಲಾಕನ್ನು ಆರಿಸಲು ಇದು ಮುಖ್ಯ ಕಾರಣ. ಇಂದಿನ ತಂತ್ರಾಂಶಗಳೆಲ್ಲ ಮಾಯವಾದರೂ, ಆ ದಾಖಲೆಯನ್ನು ಮುಂದಿಟ್ಟುಕೊಂಡು ಎಂಜಿನಿಯರಿಂಗ್ ಕಾಲೇಜಿನ ಒಬ್ಬ ವಿದ್ಯಾರ್ಥಿ ಹೊಸದಾಗಿ ಓದುವ ಪ್ರೋಗ್ರಾಂ ಬರೆಯಬಲ್ಲ, ಯಾರಿಗೂ ಕಾಗದ ಬರೆಯದೆ, ಯಾರಿಗೂ ಹಣ ಕಟ್ಟದೆ.

ಹಾಗಿಲ್ಲದ ಕಡತಗಳ ಪಾಡನ್ನು ನಾನು ಕಂಡಿದ್ದೇನೆ. ಒಬ್ಬರು ಹಿರಿಯರು ಊರೂರು ಸುತ್ತಿ ಒಂದು ಕಂಪನಿಯ ಸಣ್ಣ ಡಿಜಿಟಲ್ ರೆಕಾರ್ಡರಿನಲ್ಲಿ ಮಾತುಕತೆ ಹಿಡಿದಿದ್ದರು. ಕಡತಗಳು ಆ ಕಂಪನಿಯದೇ ಬಗೆ. ತೆರೆಯಲು ಅದೇ ಕಂಪನಿಯ ತಂತ್ರಾಂಶ ಬೇಕು. ಹೊಸ ಕಂಪ್ಯೂಟರಿನಲ್ಲಿ ಅದು ನಿಲ್ಲದು. ಧ್ವನಿ ಅಲ್ಲಿಯೇ ಇದೆ, ಬೂಷ್ಟು ಹಿಡಿದಿಲ್ಲ, ಟೇಪು ತುಂಡಾಗಿಲ್ಲ, ಆದರೂ ಕೇಳುವ ಹಾಗಿಲ್ಲ.

ಸಾಲು 5. ಹಂಚುವ ಪ್ರತಿಗೆ: ಎಫ್‌ಎಫ್‌ಎಂಪೆಗ್ -ಐ ಹಾಡು.ಫ್ಲಾಕ್ -ಸಿ:ಎ ಲಿಬ್‌ಓಪಸ್ -ಬಿ:ಎ 48ಕೆ -ಎಸಿ 1 ಹಾಡು.ಓಪಸ್

ಚೀಟಿಯಲ್ಲಿ ಇದೊಂದೇ ನೋಡಲು ಹೆದರಿಸುವ ಸಾಲು. ಪದ ಬಿಡಿಸಿ ನೋಡೋಣ.

"ಎಫ್‌ಎಫ್‌ಎಂಪೆಗ್": ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ. ಕಿಟಕಿ, ಗುಂಡಿ ಇಲ್ಲ, ಹೇಳಿದ್ದನ್ನು ಮಾಡುತ್ತದೆ.

"-ಐ ಹಾಡು.ಫ್ಲಾಕ್": ಒಳಬರುವ ಕಡತ ಇದು. ನಾಲ್ಕನೆಯ ಸಾಲಿನಲ್ಲಿ ಸಿದ್ಧವಾದ ಮೂಲಪ್ರತಿಯಿಂದಲೇ ಹಂಚುವ ಪ್ರತಿ ಹುಟ್ಟಬೇಕು. ಎಫ್‌ಎಫ್‌ಎಂಪೆಗ್ ಒಳಬಂದದ್ದನ್ನು ಮುಟ್ಟುವುದಿಲ್ಲ, ಹೊಸ ಕಡತ ಮಾಡುತ್ತದೆ.

"-ಸಿ:ಎ ಲಿಬ್‌ಓಪಸ್": ಧ್ವನಿಯನ್ನು ಓಪಸ್ ಬಗೆಯಲ್ಲಿ ಕಟ್ಟು. ಓಪಸ್ ಹುಟ್ಟಿದ್ದು ಎರಡು ಮನೆತನ ಸೇರಿ. ಸ್ಕೈಪಿನವರು ಮಾತಿಗಾಗಿ ಮಾಡಿದ್ದು ಸಿಲ್ಕ್. ಕ್ಸಿಫ್ ಬಳಗ ಸಂಗೀತಕ್ಕೂ ಒದಗುವಂತೆ ಮಾಡಿದ್ದು ಸೆಲ್ಟ್. ಎರಡನ್ನೂ ಹೊಂದಿಸಿದ ಓಪಸ್ 2012ರ ಸೆಪ್ಟೆಂಬರಿನಲ್ಲಿ 6716ನೆಯ ಮಾನಕ ದಾಖಲೆಯಾಗಿ ಬಂತು. ಅದರಲ್ಲಿ ಪೇಟೆಂಟ್ ಇದ್ದ ಬ್ರಾಡ್‌ಕಾಮ್, ಮೈಕ್ರೋಸಾಫ್ಟ್ ಕಂಪನಿಗಳೂ ರಾಯಲ್ಟಿ ಇಲ್ಲದೆ ಬಳಸಲು ಬಿಟ್ಟುಕೊಟ್ಟಿವೆ. ತಾಳಮದ್ದಳೆಗೆ ಇದಕ್ಕಿಂತ ಒಪ್ಪುವ ಬಗೆಯನ್ನು ನಾನು ಕಂಡಿಲ್ಲ. ಅದರಲ್ಲಿ ಪದ ಮುಗಿದು ಅರ್ಥ, ಅಂದರೆ ಮಾತು, ಶುರುವಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯ ಮಾತು ಬಹಳ ಹೊತ್ತು ಸಾಗುತ್ತದೆ. ಮತ್ತೆ ಜಾಗಟೆ, ಚೆಂಡೆ, ಮದ್ದಳೆ. ಮಾತಿಗೆ ಒಂದು ವಿಧಾನ, ಸಂಗೀತಕ್ಕೆ ಇನ್ನೊಂದು ವಿಧಾನವನ್ನು ಓಪಸ್ ಅಲ್ಲಲ್ಲೇ ತೂಗಿ ಬಳಸುತ್ತದೆ. ಕಟ್ಟುವುದು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ಹಾಗಾಗಿ ಮಾತಿನಿಂದ ಪದಕ್ಕೆ ದಾಟುವಾಗ ಎಲ್ಲಿಯೂ ಹೊಲಿಗೆ ಕೇಳುವುದಿಲ್ಲ.

"-ಬಿ:ಎ 48ಕೆ": ಸೆಕೆಂಡಿಗೆ ಸರಾಸರಿ 48,000 ಬಿಟ್ ಖರ್ಚು ಮಾಡು. ಎರಡನೆಯ ಸಾಲಿನ ನಲವತ್ತೆಂಟು ಸಾವಿರಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಅಳತೆಗಳ ಸಂಖ್ಯೆ, ಇದು ಬರೆದಿಡುವ ಬಿಟ್ಟುಗಳ ಸಂಖ್ಯೆ. ತೊಂಬತ್ತು ನಿಮಿಷದ ಕ್ಯಾಸೆಟ್ಟು ಈ ಲೆಕ್ಕದಲ್ಲಿ ಸುಮಾರು 32 ಮೆಗಾಬೈಟ್. 1.56 ಗಿಗಾಬೈಟಿನಿಂದ ಇಲ್ಲಿಗೆ ಇಳಿಯಬೇಕಾದರೆ ಏನನ್ನೋ ಬಿಡಲೇಬೇಕು. ಚೆಂಡೆಯ ಪೆಟ್ಟಿನ ಹಿಂದೆಯೇ ಬಂದ ಮೆಲುಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ಜೋರಾದ ಒಂದು ಸ್ವರ ತನ್ನ ಪಕ್ಕದ ಮೆಲ್ಲನೆಯ ಸ್ವರವನ್ನು ಮುಚ್ಚುತ್ತದೆ. ಹೀಗೆ ಮುಚ್ಚಿಹೋದದ್ದಕ್ಕೆ ಓಪಸ್ ಬಿಟ್ ಖರ್ಚು ಮಾಡುವುದಿಲ್ಲ. ಹಿಮ್ಮೇಳ ಇರುವ ಕಡೆ 48ರಲ್ಲಿ ಕಟ್ಟಿ ಕೇಳಿ, ಚಕ್ರತಾಳ ಮರಳು ಉದುರಿದಂತೆ ಕೇಳಿದರೆ 64ಕ್ಕೆ ಏರಿಸಿ. ಗಲ್ಫಿನ ಮಾತಿನ ಟೇಪಿಗೆ 24 ಸಾಕು. ಸಂಖ್ಯೆಯನ್ನು ಚೀಟಿ ನೋಡಿ ಒಪ್ಪಬೇಡಿ, ಕಿವಿಗೆ ಕೇಳಿಸಿ ಒಪ್ಪಿ.

"-ಎಸಿ 1": ಎರಡು ಚಾನೆಲ್ಲನ್ನು ಒಂದಾಗಿಸು. ಮನೆಯ ಟೇಪ್ ರೆಕಾರ್ಡರು ಒಂದೇ ಮೈಕಿನಲ್ಲಿ ಹಿಡಿದದ್ದಕ್ಕೆ ಎರಡು ಚಾನೆಲ್ ಇಟ್ಟುಕೊಳ್ಳುವುದು ದಂಡ. ಆದರೆ ಇಲ್ಲೊಂದು ಅಪಾಯ ಇದೆ. ಹೆಡ್ಡು ಸ್ವಲ್ಪ ವಾಲಿದ್ದರೂ ಎಡದ ಧ್ವನಿ ಬಲಕ್ಕಿಂತ ಕೂದಲೆಳೆಯಷ್ಟು ಮುಂದೆ ಹೋಗಿರುತ್ತದೆ. ಅಂಥ ಎರಡನ್ನು ಕೂಡಿಸಿದರೆ ಎತ್ತರದ ಸ್ವರಗಳು ಒಂದನ್ನೊಂದು ಹೊಡೆದುಹಾಕುತ್ತವೆ, ತಾಳ ಮಂಕಾಗುತ್ತದೆ. ಒಂದೊಂದು ಚಾನೆಲ್ಲನ್ನೂ ಬೇರೆ ಬೇರೆ ಕೇಳಿ, ಕೂಡಿಸಿದ್ದು ಅವೆರಡಕ್ಕಿಂತ ಮಂಕೆನಿಸಿದರೆ ಕೂಡಿಸುವುದನ್ನು ಬಿಟ್ಟು ಚೆನ್ನಾಗಿರುವ ಒಂದು ಚಾನೆಲ್ಲನ್ನೇ ತೆಗೆದುಕೊಳ್ಳಬೇಕು.

"ಹಾಡು.ಓಪಸ್": ಹೊರಬರುವ ಕಡತ. ಒಳಗಿನ ಹೊದಿಕೆ ಕ್ಸಿಫ್‌ನವರದೇ ಆದ ಓಗ್. ಇದನ್ನು ಯಾವ ಫೋನಿನಲ್ಲಿ ಕೇಳುವುದು ಎಂಬ ಹೆದರಿಕೆ ಬೇಡ. ವಾಟ್ಸಾಪಿನಲ್ಲಿ ನಾವು ಕಳಿಸುವ ಧ್ವನಿ ಸಂದೇಶಗಳು ಓಗ್ ಹೊದಿಕೆಯ ಓಪಸ್ ಕಡತಗಳೇ. ಉರ್ವದ ಮೀನಿನ ಮಾರ್ಕೆಟಿನಿಂದ ಬಂಗುಡೆಯ ರೇಟು ಕೇಳಿ ಮನೆಗೆ ಧ್ವನಿ ಸಂದೇಶ ಕಳಿಸುವವರೂ ಓಪಸ್ಸನ್ನೇ ಕಳಿಸುತ್ತಿದ್ದಾರೆ. ಆಂಡ್ರಾಯ್ಡ್ 5.0ರಿಂದ ಈಚೆಗೆ ಫೋನುಗಳೇ ಓದುತ್ತವೆ, ವಿಎಲ್‌ಸಿ ಎಂಬ ಪ್ಲೇಯರ್ ಎಲ್ಲ ಕಡೆಯೂ ಓದುತ್ತದೆ. ಕಾರಿನ ಹಳೆಯ ಪ್ಲೇಯರಿಗೆ ಮಾತ್ರ ಎಂಪಿ3 ಬೇಕಾಗಬಹುದು. ಮೂಲಪ್ರತಿ ಇರುವಾಗ ಅದನ್ನೂ ಒಂದು ಮಾಡಿಕೊಡಿ, ತಪ್ಪಿಲ್ಲ.

ಸಾಲು 6. ಎಂಪಿ3 ಮಾತ್ರ ಉಳಿದಿದ್ದರೆ ಅದನ್ನು ಹಾಗೆಯೇ ಇಡಿ.

ಈ ಸಾಲು ತಡೆಯುವುದು ಮುಕ್ತ ಬಗೆಯ ಮೇಲಿನ ಪ್ರೀತಿಯಿಂದ ಆಗುವ ಒಂದು ಹಾನಿಯನ್ನು. ಕ್ಯಾಸೆಟ್ಟು ಎಸೆದಾಗಿದೆ, ಹಿಂದೆ ಯಾರೋ ಅಂಗಡಿಯಲ್ಲಿ ಎಂಪಿ3 ಮಾಡಿಸಿಕೊಂಡಿದ್ದರು, ಅದನ್ನು ಓಪಸ್ ಮಾಡಿದರೆ ಒಳ್ಳೆಯದಾಯಿತು ಎಂದುಕೊಳ್ಳುತ್ತಾರೆ. ಎಂಪಿ3 ಕೂಡಾ ಕಿವಿಗೆ ಬೀಳದ್ದನ್ನು ಬಿಟ್ಟು ಕಟ್ಟಿದ ಕಡತ. ಒಮ್ಮೆ ಹಿಂಡಿದ ತೆಂಗಿನತುರಿಯನ್ನು ಮತ್ತೆ ರುಬ್ಬಿ ಹಿಂಡಿದರೆ ಮೊದಲ ಹಾಲು ಬಾರದು, ಬರುವುದು ನೀರುಹಾಲು. ಎಂಪಿ3 ಬಿಟ್ಟದ್ದು ಓಪಸ್ಸಿಗೆ ಸಿಗದು, ಓಪಸ್ ತನ್ನ ಪಾಲಿನದನ್ನು ಮತ್ತಷ್ಟು ಬಿಡುತ್ತದೆ. ಎರಡರ ತಪ್ಪೂ ಸೇರಿ ಕಿವಿಗೆ ಬೀಳಲು ಶುರುವಾಗುತ್ತದೆ. ಎಂಪಿ3ಯನ್ನು ಫ್ಲಾಕ್ ಮಾಡಿದರೆ ನಷ್ಟವಿಲ್ಲ, ಲಾಭವೂ ಇಲ್ಲ. ಗಾತ್ರ ಉಬ್ಬುತ್ತದೆ, ಮುಂದೆ ನೋಡುವವರಿಗೆ ಇದು ಟೇಪಿನಿಂದಲೇ ಇಳಿಸಿದ ಮೂಲಪ್ರತಿ ಎಂಬ ಭ್ರಮೆಯಾಗುತ್ತದೆ.

ಎಂಪಿ3ಯನ್ನು ಬಿಟ್ಟು ಮುಕ್ತ ಬಗೆಗೆ ಹೋಗುವ ಈ ಆತುರ ಹುಟ್ಟಿದ್ದು ಸುಮ್ಮನೆ ಅಲ್ಲ. ಎಂಪಿ3ಯ ಹಿಂದೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧನೆ ಇತ್ತು, ಪೇಟೆಂಟುಗಳಿದ್ದವು. 1998ರಲ್ಲಿ ಆ ಸಂಸ್ಥೆ, ಎಂಪಿ3 ತಂತ್ರಾಂಶ ಬರೆದು ಉಚಿತವಾಗಿ ಹಂಚುತ್ತಿದ್ದವರಿಗೂ ಕಾಗದ ಬರೆದು ಪರವಾನಗಿ ಶುಲ್ಕ ಕೇಳಿತು. ಅದರ ಬೆನ್ನಿಗೇ ಕ್ರಿಸ್ ಮಾಂಟ್ಗೊಮೆರಿ ಮತ್ತು ಸಂಗಡಿಗರು ಯಾರ ಪೇಟೆಂಟೂ ತಾಗದ ಒಂದು ಬಗೆಯನ್ನು ಕಟ್ಟಲು ತೀವ್ರವಾಗಿ ತೊಡಗಿದರು. ಅದೇ ವೋರ್ಬಿಸ್, 2002ರ ಜುಲೈಯಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಅದೇ ವರ್ಷ ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸಿನಿಂದ ಎಂಪಿ3 ಓದುವ ಸೌಲಭ್ಯವನ್ನೇ ತೆಗೆದುಹಾಕಿತು. ವಿಕಿಪೀಡಿಯಗಳ ಚಿತ್ರ, ಧ್ವನಿ ಕಡತಗಳ ಉಗ್ರಾಣವಾದ ವಿಕಿಮೀಡಿಯ ಕಾಮನ್ಸ್ ಬಹುಕಾಲ ಎಂಪಿ3ಯನ್ನು ಒಳಗೆ ಬಿಡಲಿಲ್ಲ. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಪೂರ್ಣ ರೂಪದಲ್ಲಿ ತೆರೆದುಕೊಂಡಾಗಲೂ, ತುಳುವಿನ ಒಂದು ಪದದ ಉಚ್ಚಾರವನ್ನೋ ಒಂದು ಪಾಡ್ದನವನ್ನೋ ಅಲ್ಲಿ ಕೇಳಿಸಬೇಕಾದರೆ ಓಗ್, ಫ್ಲಾಕ್‌ನಂಥ ಮುಕ್ತ ಬಗೆಯೇ ಬೇಕಿತ್ತು. 2017ರ ಏಪ್ರಿಲ್ 23ರಂದು ಎಂಪಿ3ಯ ಪರವಾನಗಿ ವ್ಯವಸ್ಥೆ ನಿಂತಿತು. ಆಮೇಲೆ ಕಾಮನ್ಸಿನ ಬಾಗಿಲೂ ಅದಕ್ಕೆ ತೆರೆಯಿತು.

ಹಾಗಾದರೆ ಈಗ ಎಂಪಿ3ಯಲ್ಲೇ ಇಟ್ಟರಾಗದೇ? ಹಳೆಯ ಎಂಪಿ3 ಇದ್ದರೆ ಇಟ್ಟುಕೊಳ್ಳಬಹುದು, ಈ ಸಾಲು ಹೇಳುವುದೂ ಅದನ್ನೇ. ಹೊಸದಾಗಿ ಮಾಡುವುದಾದರೆ ನಾನು ಒಪ್ಪುವುದಿಲ್ಲ. ಒಂದು, ಅಷ್ಟೇ ಗುಣಕ್ಕೆ ಓಪಸ್ ಬಹಳ ಕಡಿಮೆ ಜಾಗ ತೆಗೆದುಕೊಳ್ಳುತ್ತದೆ. ಎರಡು, ಎಂಪಿ3ಯ ಅಧಿಕೃತ ಮಾನಕ ದಾಖಲೆಯನ್ನು ಇಂದಿಗೂ ದುಡ್ಡು ಕೊಟ್ಟು ಕೊಳ್ಳಬೇಕು. ಪೇಟೆಂಟ್ ಮುಗಿಯುವವರೆಗೆ ಒಂದು ತಲೆಮಾರು ಕಾಯಬೇಕಾಯಿತು ಎಂಬುದು ನಾವು ಮರೆಯಬಾರದ ಸಂಗತಿ.

ಸಾಲು 7. ಹೆಸರನ್ನು ಕಡತದ ಒಳಗೆ ಬರೆಯಿರಿ, ಕನ್ನಡದಲ್ಲಿ.

ಕೆಲಸದ ಕ್ರಮದಲ್ಲಿ ಇದು ಐದಕ್ಕಿಂತ ಮೊದಲು ಬರಬೇಕು. ಫ್ಲಾಕಿನಲ್ಲಿ ಬರೆದದ್ದನ್ನು ಎಫ್‌ಎಫ್‌ಎಂಪೆಗ್ ತಾನಾಗಿ ಓಪಸ್ಸಿಗೂ ದಾಟಿಸುತ್ತದೆ, ಎರಡು ಸಲ ಬರೆಯಬೇಕಾಗಿಲ್ಲ.

ಕ್ಯಾಸೆಟ್ಟಿನ ಚೀಟಿಯಲ್ಲಿ ನೀಲಿ ಶಾಯಿಯಲ್ಲಿ ಬರೆದ ವಿವರ ಕಡತಕ್ಕೆ ಬಾರದೆ ಹೋದರೆ, ಮುಂದೆ "ಟ್ರ್ಯಾಕ್ 01" ಎಂಬುದಷ್ಟೇ ಉಳಿಯುತ್ತದೆ. ಎಂಪಿ3ಯ ಮೊದಲ ಕಾಲದ ಹೆಸರಿನ ಪಟ್ಟಿಯಲ್ಲಿ ಶೀರ್ಷಿಕೆಗೆ, ಕಲಾವಿದರಿಗೆ ತಲಾ 30 ಬೈಟ್ ಜಾಗ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್ ಬೇಕು. "ಬಲಿಪ ನಾರಾಯಣ ಭಾಗವತ" ಎಂದು ಬರೆಯಲು 47 ಬೈಟ್. ಹಿಡಿಸುವುದಿಲ್ಲ, ಅದೂ ಅಲ್ಲದೆ ಆ ಪಟ್ಟಿ ಕನ್ನಡಕ್ಕಾಗಿ ಮಾಡಿದ್ದೂ ಅಲ್ಲ. ಫ್ಲಾಕ್, ವೋರ್ಬಿಸ್, ಓಪಸ್ ಮೂರರಲ್ಲೂ ಇರುವ ಟಿಪ್ಪಣಿಯ ಪಟ್ಟಿ ಮೊದಲಿನಿಂದಲೂ ಯುಟಿಎಫ್-8. ಉದ್ದಕ್ಕೆ ನಮ್ಮ ಅಗತ್ಯದ ಮಟ್ಟಿಗೆ ಮಿತಿಯೇ ಇಲ್ಲ. ಪ್ರಸಂಗದ ಪದ್ಯಗಳನ್ನೆಲ್ಲ ಒಳಗೇ ಬರೆದಿಡಬಹುದು. ತುಳು-ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರಲ್ಲಿ ಸ್ಥಾನ ಸಿಕ್ಕಿದೆ. ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯ ತುಳು ಭವನ ಇರುವುದು ನಮ್ಮ ಉರ್ವಸ್ಟೋರಿನಲ್ಲೇ. ಆ ಲಿಪಿ ಕಲಿತವರು ಪಾಡ್ದನದ ಹೆಸರನ್ನು ಅದರಲ್ಲೂ ಬರೆಯಬಹುದು, ಕಡತದ ಬಗೆಯನ್ನು ಬದಲಿಸಬೇಕಾಗಿಲ್ಲ.

ಬರೆಯಬೇಕಾದದ್ದು: ಪ್ರಸಂಗ ಅಥವಾ ಪಾಡ್ದನದ ಹೆಸರು, ಹೇಳಿದವರು, ಹಿಮ್ಮೇಳದವರು, ಊರು, ತಾರೀಕು, ಯಾರು ತುಂಬಿಸಿದರು, ಯಾವ ಯಂತ್ರದಲ್ಲಿ ಇಳಿಸಿದ್ದು. ತಾರೀಕು ಗೊತ್ತಿಲ್ಲದಿದ್ದರೆ "ಮಳೆಗಾಲ, 1980ರ ದಶಕ" ಎಂದರೂ ಸರಿ. ಮನೆಯ ಹಿರಿಯರು ಇರುವಾಗಲೇ ಅವರಿಗೆ ಕೇಳಿಸಿ ಕೇಳಿ ಬರೆದುಕೊಳ್ಳಿ.

ಸಾಲು 8. ಯಾರ ಧ್ವನಿಯೋ ಅವರನ್ನು ಕೇಳಿ.

ಬಗೆ ಮುಕ್ತವಾದ ಮಾತ್ರಕ್ಕೆ ಒಳಗಿರುವುದು ಮುಕ್ತವಾಗುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1985ರಲ್ಲಿ ಹೊರಬಂದ ತಾಳಮದ್ದಳೆ ಕ್ಯಾಸೆಟ್ಟಿನ ಹಕ್ಕು 2045ರ ಕೊನೆಯವರೆಗೆ ಇರುತ್ತದೆ. ಮನೆಯಲ್ಲಿ ಕೇಳಲು ಇಳಿಸಿಕೊಳ್ಳುವುದು ಬೇರೆ, ಲೋಕಕ್ಕೆ ಹಂಚುವುದು ಬೇರೆ. ಹಳೆಯ ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಪದ್ಯಕ್ಕೆ ಇಂದು ಯಾರ ಹಕ್ಕೂ ಇಲ್ಲ. ಅದನ್ನು ಹಾಡಿದ ಭಾಗವತರಿಗೆ ಇದೆ. ಪ್ರದರ್ಶನ ಕೊಟ್ಟ ಕಲಾವಿದರ ಹಕ್ಕು ಪ್ರದರ್ಶನದ ಮರುವರ್ಷದಿಂದ 50 ವರ್ಷ.

ಕಾಮನ್ಸಿಗೆ ಏರಿಸುವುದಾದರೆ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ, ಎಂದು ಒಪ್ಪಿಗೆ ಬೇಕು. ಪಾಡ್ದನ ಹೇಳಿದ ಅಜ್ಜಿಗೆ ಇದನ್ನು ಬಿಡಿಸಿ ತುಳುವಿನಲ್ಲೇ ಹೇಳಬೇಕು, ಫಾರ್ಮು ಮುಂದೆ ಹಿಡಿದು ಹೆಬ್ಬೆಟ್ಟು ಹಾಕಿಸುವುದಲ್ಲ. ದೈವದ ಪಾಡ್ದನದಲ್ಲಿ ಕೆಲವನ್ನು ಎಲ್ಲೆಂದರಲ್ಲಿ ಹೇಳಬಾರದು ಎಂಬ ಕಟ್ಟು ಇರುತ್ತದೆ. ಅವರು ಬೇಡ ಎಂದರೆ ಬೇಡ. ಫ್ಲಾಕ್ ಪ್ರತಿ ಮನೆಯಲ್ಲೇ ಇರಲಿ.

ಸಾಲು 9. ಮೂರು ಕಡೆ ಇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ.

ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ಸಂಬಂಧಿಕರ ಹತ್ತಿರ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ದುಬೈಯಲ್ಲೋ ಯಾರಾದರೂ ಇಲ್ಲದ ಮನೆ ಉರ್ವದಲ್ಲಿ ಕಡಿಮೆ.

ಡಿಸ್ಕು ಹೇಳದೆ ಕೇಳದೆ ಹಾಳಾಗುತ್ತದೆ. ಫ್ಲಾಕ್ ಕಟ್ಟುವಾಗಲೇ ಮೂಲ ಧ್ವನಿಯ ಒಂದು ಗುರುತಿನ ಸಂಖ್ಯೆಯನ್ನು ಕಡತದ ತಲೆಯಲ್ಲಿ ಬರೆದಿಟ್ಟಿರುತ್ತದೆ. "ಫ್ಲಾಕ್ -ಟಿ" ಎಂದು ಕೊಟ್ಟರೆ ಇಡೀ ಕಡತ ಬಿಚ್ಚಿ ಆ ಸಂಖ್ಯೆ ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಒಂದು ಬಿಟ್ ತಪ್ಪಿದರೂ ಗೊತ್ತಾಗುತ್ತದೆ. ತಪ್ಪು ಸಿಕ್ಕಿದ ಪ್ರತಿಯನ್ನು ತಿದ್ದಲು ಹೋಗಬೇಡಿ, ತಾಳೆಯಾದ ಇನ್ನೊಂದು ಪ್ರತಿಯಿಂದ ಮತ್ತೆ ನಕಲು ಮಾಡಿಕೊಳ್ಳಿ. ಮೂರು ಪ್ರತಿ ಇಟ್ಟದ್ದು ಇದಕ್ಕೇ.

ಕ್ಯಾಸೆಟ್ಟನ್ನು ಗುಜರಿಗೆ ಹಾಕಬೇಡಿ. ಇವತ್ತು ನಮ್ಮ ಯಂತ್ರ ಓದಿದ್ದಕ್ಕಿಂತ ಹೆಚ್ಚನ್ನು ಮುಂದೊಂದು ಯಂತ್ರ ಅದರಿಂದ ಓದೀತು. ಕೊನೆಯವರೆಗೆ ಒಮ್ಮೆ ಓಡಿಸಿ, ಸುತ್ತು ಬಿಗಿಯಾಗಿದೆಯೇ ನೋಡಿ, ಸಿಲಿಕಾ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ. ಸ್ಪೀಕರಿನ ಹತ್ತಿರ ಮಾತ್ರ ಬೇಡ, ಅದರೊಳಗೆ ಅಯಸ್ಕಾಂತ ಇದೆ.